ಮೋಡಿ ಬಿದ್ದದ್ದು ಯಾರಿಗೆ?

ನಮಸ್ಕಾರ. ದಾಳ ತಂದವರು ದಯವಿಟ್ಟು ಜೇಬಿನಲ್ಲೇ ಇಟ್ಟುಕೊಳ್ಳಿ, ಮೈಕಿಗೆ ಸದ್ದು ಕೇಳಿಸುತ್ತದೆ.

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಎದುರಿನವನಿಗೆ ಮೋಡಿ ಹಾಕುವ ಮಂತ್ರ ಚಾರ್ಮ್ ಪರ್ಸನ್. ಅದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆಯಾದರೂ ಹಾಕಿದ್ದೀರಿ, ಇಲ್ಲವೇ ಹಾಕಿಸಿಕೊಂಡಿದ್ದೀರಿ. ನಾನು ಹಾಕಿಸಿಕೊಂಡವನು. ಆ ಕಥೆ ಮೊದಲು.

ಗೆಳೆಯನ ಮನೆ, ಭಾನುವಾರ. ಆಟ ಶುರುವಾಗಿ ಇಪ್ಪತ್ತು ನಿಮಿಷವೂ ಆಗಿಲ್ಲ, ಒಬ್ಬ ಮಾಟಗಾತಿ ನನ್ನ ಯೋಧನ ಮೇಲೆ ಈ ಮಂತ್ರ ಹಾಕಿದಳು. ತಪ್ಪಿಸಿಕೊಳ್ಳಲು ಇಪ್ಪತ್ತು ಮುಖದ ದಾಳ ಉರುಳಿಸಿದೆ. ಮೂರು ಬಿತ್ತು, ಸಾಲಲಿಲ್ಲ. ಆಟ ನಡೆಸುವ ಡಂಜನ್ ಮಾಸ್ಟರ್ ಕೈ ಚಾಚಿ ನನ್ನ ಯೋಧನ ವಿವರದ ಹಾಳೆ ಇಸಿದುಕೊಂಡ. "ಇನ್ನು ಇವನನ್ನು ನಾನೇ ಆಡಿಸ್ತೀನಿ" ಅಂದ. ಆಮೇಲೆ ಒಂದೂವರೆ ಗಂಟೆ ನಾನು ಚುರುಮುರಿ ತಿಂದೆ. ಅದು ಮುಗಿಯಿತು ಅಂತ ಈರುಳ್ಳಿ ಹೆಚ್ಚಿ ಇನ್ನೊಂದಿಷ್ಟು ಕಲಸಿದೆ. ಎಲ್ಲರಿಗೂ ಕಾಫಿ ಮಾಡಿಕೊಟ್ಟೆ. ಅಲ್ಲಿ ನನ್ನ ಯೋಧ ನನ್ನ ಗೆಳೆಯರಿಗೇ ಬಾರಿಸುತ್ತಿದ್ದ. ಹೇಳಬಾರದು, ನನ್ನ ಕೈಯಲ್ಲಿದ್ದಾಗ ಅಷ್ಟು ಚೆನ್ನಾಗಿ ಬಾರಿಸಿದವನಲ್ಲ.

ಅವತ್ತೇ ಗೊತ್ತಾಯಿತು. ಮೋಡಿ ಬಿದ್ದದ್ದು ಯೋಧನಿಗಲ್ಲ, ಕುರ್ಚಿಯಲ್ಲಿ ಕೂತವನಿಗೆ.

ಈಗ 1974ಕ್ಕೆ ಹೋಗೋಣ. ಗೇರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದರು. ಮೂರು ತೆಳು ಪುಸ್ತಿಕೆ. ಮೊದಲನೆಯದರಲ್ಲೇ ಈ ಮಂತ್ರ ಇದೆ. ಎರಡು ಕಾಲಿನ, ಹೆಚ್ಚುಕಡಿಮೆ ಮನುಷ್ಯನ ಗಾತ್ರದ ಜೀವಿ ಪೂರ್ತಿ ಮಂತ್ರವಾದಿಯ ವಶ. ಎಷ್ಟು ಹೊತ್ತು? ಯಾರಾದರೂ ಬಂದು ಮಂತ್ರ ಬಿಡಿಸುವ ತನಕ. ಗಡುವೇ ಇಲ್ಲ! ಅದೂ ಮೊದಲ ಹಂತದ, ಅಂದರೆ ಹೊಸಬನೂ ಹಾಕಬಲ್ಲ ಮಂತ್ರ. ದಿನಕ್ಕೆ ಒಂದೇ ಮಂತ್ರ ಹಾಕಬಲ್ಲ ಬಡಪಾಯಿಗೆ ಜೀವಮಾನದ ಆಳು.

ಇಷ್ಟೊಂದು ಧಾರಾಳ ಯಾಕೆ? ನನ್ನ ಲೆಕ್ಕ ಇದು. ಇವರು ಬಂದದ್ದು ಯುದ್ಧದಾಟದಿಂದ. 1971ರಲ್ಲಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದ ಚೈನ್‌ಮೇಲ್ ಪುಟ್ಟ ಗೊಂಬೆ ಸೈನಿಕರ ಕಾಳಗ. 1974ರ ಅದೇ ಪುಸ್ತಿಕೆಯಲ್ಲಿ ಕೂಲಿ ಆಳುಗಳನ್ನು ಹಿಡಿಯುವ, ಅವರ ನಿಷ್ಠೆ ಅಳೆಯುವ ನಿಯಮಗಳೂ ಇವೆ. ಆ ಕಣ್ಣಿಗೆ, ವಶವಾದ ಓರ್ಕ್ ಎಂಬ ರಕ್ಕಸ ಅಂದರೆ ಸಂಬಳ ಕೇಳದ ಸಿಪಾಯಿ. ಓರ್ಕ್‌ನ ಕುರ್ಚಿಯಲ್ಲಿ ಚುರುಮುರಿ ತಿನ್ನುತ್ತಾ ಯಾರೂ ಕೂತಿರಲಿಲ್ಲ, ಅಲ್ವಾ?

ಅಂದ ಹಾಗೆ, ಇಂಗ್ಲಿಷಿನ ಚಾರ್ಮ್ ಬಂದದ್ದು ಲ್ಯಾಟಿನ್ನಿನ ಕಾರ್ಮೆನ್‌ನಿಂದ. ಹಾಡು ಅಂತ ಅರ್ಥ. ಇದು ಸುಮ್ನೆ ಹೇಳಿದೆ.

1978ರ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಮಜಾ ನೋಡಿ. ವಶವಾದವನು ಮಂತ್ರವಾದಿಯನ್ನು ಆಪ್ತ ಗೆಳೆಯ ಅಂತ ನಂಬುತ್ತಾನೆ, ಆದರೆ ಕೀಲಿ ಕೊಟ್ಟ ಗೊಂಬೆ ಆಗುವುದಿಲ್ಲ. ತಪ್ಪಿಸಿಕೊಳ್ಳಲು ಮತ್ತೆ ದಾಳ ಉರುಳಿಸುವ ಅವಕಾಶ ಬುದ್ಧಿಯ ಮೇಲೆ. ತೀರಾ ದಡ್ಡನಿಗೆ ಮೂರು ತಿಂಗಳಿಗೊಮ್ಮೆ, ಮಹಾ ಜಾಣನಿಗೆ ದಿನಕ್ಕೊಮ್ಮೆ. ನನ್ನ ಯೋಧನ ಬುದ್ಧಿಯ ಅಂಕ ಕೇಳಬೇಡಿ.

ಎರಡು ನಿಮಿಷ ಅಂತ ಚೀಟಿ ಬಂತು. ಐರ್ಲೆಂಡಿನ ಪುರಾಣಗಳಿಂದ ಬಂದ ಗೀಸ್ ಮಂತ್ರದ ಬಗ್ಗೆ ನಾಲ್ಕು ಪುಟ ಬರೆದು ತಂದಿದ್ದೆ. ಹೋಗಲಿ ಬಿಡಿ.

2000ದ ಮೂರನೇ ಆವೃತ್ತಿಯಲ್ಲಿ ಮೋಡಿಯ ಗಡುವು ಮಂತ್ರವಾದಿಯ ಒಂದೊಂದು ಹಂತಕ್ಕೆ ಒಂದು ಗಂಟೆ. 2014ರ ಐದನೆಯದರಲ್ಲಿ ಎಲ್ಲರಿಗೂ ಒಂದೇ ಗಂಟೆ. ಮಂತ್ರ ಇಳಿದ ಮೇಲೆ, ಮೋಡಿ ಹಾಕಿದ್ದು ಯಾರು ಅಂತ ಹಾಕಿಸಿಕೊಂಡವನಿಗೆ ಗೊತ್ತಾಗಿಬಿಡುತ್ತದೆ. ಕುರ್ಚಿಯಲ್ಲಿ ಕೂತವನ ಕಡೆ ಕೊನೆಗೂ ಯಾರೋ ನೋಡಿದರು.

ನಾವು ಆಡುತ್ತಿದ್ದದ್ದೂ ಐದನೆಯದೇ. ಮನೆಗೆ ಬಂದು ಪುಸ್ತಕ ತೆಗೆದೆ. ನಮ್ಮ ಮಾಸ್ಟರ್ ಹಾಕಿದ್ದು ಚಾರ್ಮ್ ಪರ್ಸನ್, ಆಡಿಸಿದ್ದು ಡಾಮಿನೇಟ್ ಪರ್ಸನ್, ಅಂದರೆ ಹೇಳಿದಂತೆ ಕುಣಿಸುವ ಮಂತ್ರ. ಅದು ಐದನೇ ಹಂತದ ಮಂತ್ರ, ಹೆಚ್ಚೆಂದರೆ ಒಂದು ನಿಮಿಷದ್ದು. ಫೋನ್ ಮಾಡಿ ಕೇಳಿದೆ. "ಹೌದಾ? ಚುರುಮುರಿ ಮಾತ್ರ ಚೆನ್ನಾಗಿತ್ತು ಕಣೋ" ಅಂದ.