ಜಾಸ್ತಿ ದುಡ್ಡು ಬಿಟ್ಟು ಕ್ಲಿಫ್ ಲೀ ಫಿಲಡೆಲ್ಫಿಯಾಗೆ ಯಾಕೆ ಹೋದ್ರು

ಎಲ್ಲರಿಗೂ ನಮಸ್ಕಾರ. ಭಾನುವಾರ ಊಟ ಮುಗಿಸ್ಕೊಂಡು ಬೇಸ್‌ಬಾಲ್ ಬಗ್ಗೆ ಕೇಳೋಕೆ ಇಷ್ಟು ಜನ ಕೂತಿದ್ದೀರಲ್ಲ, ನಿಜಕ್ಕೂ ಖುಷಿ ಆಯ್ತು. ನಾವಿರೋ ಈ ಸೆಂಟ್ರಲ್ ಜರ್ಸಿಯಿಂದ ಉತ್ತರಕ್ಕೆ ಹೋದ್ರೆ ನ್ಯೂಯಾರ್ಕ್‌ನ ಯಾಂಕೀಸ್ ಟೀಮ್, ದಕ್ಷಿಣಕ್ಕೆ ಹೋದ್ರೆ ಫಿಲಡೆಲ್ಫಿಯಾದ ಫಿಲೀಸ್, ನಮ್ಮ ಮಕ್ಕಳು ಹಾಕ್ಕೊಳ್ಳೋ ಟೋಪಿಯಲ್ಲೇ ಎರಡು ಪಾರ್ಟಿ ಆಗ್ಬಿಟ್ಟಿದೆ. ಅದಕ್ಕೆ ಇವತ್ತು ಈ ಎರಡು ಊರಿನ ಮಧ್ಯೆ ನಡೆದ ಕಥೆನೇ ಹೇಳ್ತೀನಿ.

2010ರ ಡಿಸೆಂಬರ್. ಕ್ಲಿಫ್ ಲೀ ಅಂತ ಎಡಗೈ ಪಿಚ್ಚರ್ (ಕ್ರಿಕೆಟ್ಟಿನ ಬೌಲರ್ ಥರ ಬಾಲ್ ಎಸೆಯೋರು), ಅರ್ಕಾನ್ಸಾ ರಾಜ್ಯದ ಬೆಂಟನ್ ಊರಿನವರು, ಆ ಸಲ ಫ್ರೀ ಏಜೆಂಟ್ ಆಗಿದ್ದ, ಅಂದ್ರೆ ಕಾಂಟ್ರಾಕ್ಟ್ ಮುಗಿದು ಯಾವ ಟೀಮಿಗೆ ಬೇಕಾದ್ರೂ ಹೋಗಬಹುದಾಗಿದ್ದ ಪಿಚ್ಚರ್‌ಗಳಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು. ಯಾಂಕೀಸ್‌ನವರು 7 ವರ್ಷದವರೆಗೆ ಹೋಗೋ, ಸುಮಾರು 148 ಮಿಲಿಯನ್ ಡಾಲರ್ ಆಫರ್ ಇಟ್ಟಿದ್ದಾರೆ ಅಂತ ಪೇಪರ್‌ನಲ್ಲೆಲ್ಲ ಬಂದಿತ್ತು. ಟೆಕ್ಸಸ್ ರೇಂಜರ್ಸ್ ಮಾಲೀಕರು ಅರ್ಕಾನ್ಸಾಗೇ ಹೋಗಿ ಅವರ ಮನೆ ಬಾಗಿಲಲ್ಲಿ ಕೂತ್ರು. ಇವೆರಡರಲ್ಲಿ ಒಂದು ಅಂತ ಊರೆಲ್ಲ ಕಾಯ್ತಿದ್ರೆ, ರಾತ್ರೋರಾತ್ರಿ ಸುದ್ದಿ ಬಂತು, ಲೀ ಫಿಲೀಸ್‌ಗೆ ಹೋಗ್ತಿದ್ದಾರೆ, 5 ವರ್ಷ, 120 ಮಿಲಿಯನ್.

ಅಷ್ಟು ದುಡ್ಡು ಯಾಕೆ ಬಿಟ್ರು? ನಾನು ಇದನ್ನ ತುಂಬಾ ದಿನ ತಲೇಲಿ ಇಟ್ಕೊಂಡು ಓಡಾಡಿದ್ದೀನಿ.

ಮೊದಲು ಒಂದು ಮಾತು. ಐಪಿಎಲ್ ಹರಾಜು ನೋಡೀರಲ್ಲ, ಅಲ್ಲಿ ಆಟಗಾರ ಬೇಸ್ ಪ್ರೈಸ್ ಇಡಬಹುದು ಅಷ್ಟೇ, ಸುತ್ತಿಗೆ ಬಿದ್ದ ಮೇಲೆ ಯಾವ ಊರು ಬಂತೋ ಆ ಊರಿಗೇ ಹೋಗ್ಬೇಕು. ಇಲ್ಲಿ ಹಾಗಲ್ಲ, ಮೇಜರ್ ಲೀಗ್‌ನಲ್ಲಿ 6 ವರ್ಷದ ಸರ್ವಿಸ್ ಮುಗಿಸಿ ಕಾಂಟ್ರಾಕ್ಟ್ ತೀರಿದ್ರೆ ಆರಿಸೋದು ಆಟಗಾರ. ಈ ಹಕ್ಕು ಸುಮ್ಮನೆ ಸಿಕ್ಕಿದ್ದಲ್ಲ. 1969ರಲ್ಲಿ ಕರ್ಟ್ ಫ್ಲಡ್ ಅನ್ನೋ ಆಟಗಾರನನ್ನ ಸೇಂಟ್ ಲೂಯಿಸ್ ಟೀಮಿನವರು ಇದೇ ಫಿಲಡೆಲ್ಫಿಯಾಗೆ ಟ್ರೇಡ್ ಮಾಡಿದ್ರು, ಅಂದ್ರೆ ಆ ಟೀಮಿಗೆ ದಾಟಿಸಿಬಿಟ್ರು, ಫ್ಲಡ್ ನಾನು ಹೋಗಲ್ಲ ಅಂದ್ರು, 1970ರ ಸೀಸನ್ ಪೂರ್ತಿ ಆಡದೆ ಕೂತು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತ್ರು. ಆಮೇಲೆ ಡಾಡ್ಜರ್ಸ್ ಪಿಚ್ಚರ್ ಆಂಡಿ ಮೆಸ್ಸರ್‌ಸ್ಮಿತ್ 1975ರಲ್ಲಿ ಕಾಂಟ್ರಾಕ್ಟಿಗೆ ಸೈನ್ ಹಾಕದೇ ಇಡೀ ವರ್ಷ ಪಿಚ್ ಮಾಡಿದ್ರು. ಅವರ ಜಗಳ ಶುರುವಾಗಿದ್ದು ನನ್ನನ್ನ ಕೇಳದೆ ಬೇರೆ ಟೀಮಿಗೆ ಕಳಿಸಬೇಡಿ ಅನ್ನೋದರ ಮೇಲೆ. ಆ ವರ್ಷ ಡಿಸೆಂಬರ್ 23ಕ್ಕೆ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಆಟಗಾರರ ಕಡೆ ತೀರ್ಪು ಕೊಟ್ರು. ಅಂದ್ರೆ ಈ ಹೋರಾಟದ ಬುಡದಲ್ಲಿ ಇದ್ದಿದ್ದು ಎಲ್ಲಿ ಬದುಕ್ಬೇಕು ಅನ್ನೋ ಪ್ರಶ್ನೆ, ಇದನ್ನ ಮರೆತು ಬರೀ ಮಿಲಿಯನ್ ಲೆಕ್ಕ ಹಾಕಿದ್ರೆ ಈ ಜನ ನಮಗೆ ಅರ್ಥ ಆಗಲ್ಲ.

ಅದಕ್ಕೂ ಒಂದು ವರ್ಷ ಮುಂಚೆ ಕ್ಯಾಟ್‌ಫಿಶ್ ಹಂಟರ್ ಅನ್ನೋ ಪಿಚ್ಚರ್ ಕೇಸ್ ಆಯ್ತು. ಓಕ್ಲಂಡ್ ಮಾಲೀಕರು ಕಾಂಟ್ರಾಕ್ಟ್‌ನಲ್ಲಿ ಬರೆದಿದ್ದ ದುಡ್ಡು ಕಟ್ಟಲಿಲ್ಲ ಅಂತ 1974ರಲ್ಲಿ ಅವರಿಗೆ ಬಿಡುಗಡೆ ಸಿಕ್ತು, ನಾರ್ತ್ ಕ್ಯಾರೊಲೈನಾದ ಒಂದು ಸಣ್ಣ ಊರಿನ ವಕೀಲರ ಆಫೀಸಿಗೆ ಟೀಮುಗಳು ಸಾಲುಗಟ್ಟಿ ಬಂದ್ವು. ಹಂಟರ್ ಜಾಸ್ತಿ ದುಡ್ಡಿನ ಆಫರ್ ಬಿಟ್ಟು ಡಿಸೆಂಬರ್ 31ಕ್ಕೆ ಯಾಂಕೀಸ್‌ಗೆ ಸೈನ್ ಹಾಕಿದ್ರು. ಅದಕ್ಕೆ ದೊಡ್ಡ ಕಾರಣ ಕ್ಲೈಡ್ ಕ್ಲಟ್ಸ್ ಅನ್ನೋ ಒಬ್ಬ ಸ್ಕೌಟ್, ಅಂದ್ರೆ ಟೀಮಿಗೆ ಹೊಸ ಆಟಗಾರರನ್ನ ಹುಡುಕೋರು. ಹಂಟರ್ ಹುಡುಗ ಆಗಿದ್ದಾಗ ಬೇಟೆಗೆ ಹೋಗಿ ಕಾಲಿಗೆ ಗುಂಡು ಬಿದ್ದು ಒಂದು ಬೆರಳು ಹೋಗಿತ್ತು, ಆಗಲೂ ಅವರನ್ನ ಕೈ ಬಿಡದೆ, ಆ ದಿನಗಳಲ್ಲಿ ಇನ್ನೂ ಕ್ಯಾನ್ಸಸ್ ಸಿಟಿಯಲ್ಲಿದ್ದ ಇದೇ ಓಕ್ಲಂಡ್ ಟೀಮಿಗೆ ಸೇರಿಸಿದ್ದು ಇದೇ ಮನುಷ್ಯ, 1974ರ ಹೊತ್ತಿಗೆ ಕ್ಲಟ್ಸ್ ಯಾಂಕೀಸ್‌ನಲ್ಲಿ ಕೆಲಸ ಮಾಡ್ತಿದ್ರು. ನನಗೆ ಈ ಕಥೆ ತುಂಬಾ ಇಷ್ಟ, ಯಾಕಂದ್ರೆ ಹಂಟರ್ ನಂಬಿದ್ದು ಆ ಮನುಷ್ಯನನ್ನ.

ಈಗ ಈ ಬಾಲ್ ತಗೊಳ್ಳಿ, ಕೈಯಿಂದ ಕೈಗೆ ದಾಟಿಸಿ. ತೂಕ ಸುಮಾರು 145 ಗ್ರಾಂ, ಕೆಂಪು ದಾರದಲ್ಲಿ 108 ಜೋಡಿ ಹೊಲಿಗೆ. ಮಧ್ಯದ ಬೆರಳನ್ನ ಹೊಲಿಗೆ ಮೇಲೆ ಒತ್ತಿ ಹಿಡೀರಿ, ಹೆಬ್ಬೆರಳು ಕೆಳಗೆ, ಹೀಗೇ ಕರ್ವ್ ಬಾಲ್ ಎಸೆಯೋದು. ಬಾಲ್ ತಿರುಗ್ತಾ ಹೋಗುವಾಗ ಗಾಳಿ ಅದನ್ನ ಪಕ್ಕಕ್ಕೂ ಕೆಳಗೂ ತಳ್ಳುತ್ತೆ, ಅದಕ್ಕೆ ಗಾಳಿ ಬೇಕಲ್ಲ? ಡೆನ್ವರ್ ಸ್ಟೇಡಿಯಂ ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು, ಕರ್ವ್ ಸರಿಯಾಗಿ ತಿರುಗಲ್ಲ, ಹೊಡೆದ ಬಾಲ್ ಇನ್ನೂ ದೂರ ಹಾರುತ್ತೆ. ಪಿಚ್ಚರ್ ಊರು ಆರಿಸೋದು ಅಂದ್ರೆ ಆ ಊರಿನ ಗಾಳಿನೂ ಆರಿಸಿದ ಹಾಗೆ.

ಇದೆಲ್ಲ ಗೊತ್ತಿದ್ದೂ ಮೈಕ್ ಹ್ಯಾಂಪ್ಟನ್ ಅನ್ನೋ ಪಿಚ್ಚರ್ 2000ದ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಬಿಟ್ಟು ಡೆನ್ವರ್‌ನ ರಾಕೀಸ್‌ಗೆ ಹೋದ್ರು, 8 ವರ್ಷ 121 ಮಿಲಿಯನ್. ಅಲ್ಲಿನ ಸ್ಕೂಲುಗಳು ಚೆನ್ನಾಗಿವೆ ಅಂತ ಒಂದು ಕಾರಣ ಕೊಟ್ರು, ನ್ಯೂಯಾರ್ಕ್ ಜನ ಅದನ್ನ ಇವತ್ತಿಗೂ ಆಡ್ಕೊಂಡು ನಗ್ತಾರೆ. ನನಗೆ ನಗು ಬರಲ್ಲ. ನಾವು ಇಲ್ಲಿ ಮನೆ ತಗೊಳ್ಳುವಾಗ ಮೊದಲು ನೋಡಿದ್ದು ಏನು? ಸ್ಕೂಲ್ ಡಿಸ್ಟ್ರಿಕ್ಟ್ ತಾನೆ? ಅಪ್ಪ ಆದವನು ಆ ಮಾತು ಹೇಳಿದ್ರೆ ನಾನು ನಂಬ್ತೀನಿ. ಆದ್ರೆ ಗಾಳಿ ಬಿಡಲಿಲ್ಲ. ಮೆಟ್ಸ್‌ನಲ್ಲಿ 9 ಇನಿಂಗ್ಸ್‌ಗೆ, ಅಂದ್ರೆ ಒಂದು ಪೂರ್ತಿ ಮ್ಯಾಚಿಗೆ, ಸರಾಸರಿ 3.14 ರನ್ ಕೊಡ್ತಿದ್ದವರು ಡೆನ್ವರ್‌ನ ಮೊದಲ ವರ್ಷ 5.41 ಕೊಟ್ರು, ಎರಡನೇ ವರ್ಷ 6.15, ಅಲ್ಲಿಗೆ ಮುಗೀತು, ಟ್ರೇಡ್ ಆದ್ರು.

ಟ್ಯಾಕ್ಸ್ ವಿಷಯ ಎಲ್ಲರೂ ಕೇಳ್ತೀರ. ಹೌದು, ಟೆಕ್ಸಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ, ಆದ್ರೆ ಆಟಗಾರರು ಬೇರೆ ರಾಜ್ಯಗಳಿಗೆ ಹೋಗಿ ಆಡಿದ ದಿನಗಳ ಲೆಕ್ಕಕ್ಕೆ ಅಲ್ಲೂ ಟ್ಯಾಕ್ಸ್ ಕಟ್ಟಬೇಕು, ಹಾಗಾಗಿ ಅದು ನಾವು ಅಂದುಕೊಂಡಷ್ಟು ದೊಡ್ಡ ಉಳಿತಾಯ ಅಲ್ಲ.

ವಾಪಸ್ ಲೀ ಹತ್ರ ಬರೋಣ. 2009ರಲ್ಲಿ ಅವರು ಫಿಲೀಸ್‌ನಲ್ಲೇ ಇದ್ರು, ವರ್ಲ್ಡ್ ಸೀರೀಸ್, ಅಂದ್ರೆ ವರ್ಷದ ಫೈನಲ್ ಸರಣಿಯ ಮೊದಲ ಮ್ಯಾಚಲ್ಲಿ ಯಾಂಕೀಸ್‌ನ ಅವರದೇ ಸ್ಟೇಡಿಯಂನಲ್ಲಿ ಪೂರ್ತಿ 9 ಇನಿಂಗ್ಸ್ ಎಸೆದು 6-1ಕ್ಕೆ ಗೆಲ್ಲಿಸಿದ್ರು. ಅಷ್ಟಾದ ಮೇಲೂ ಡಿಸೆಂಬರ್‌ನಲ್ಲಿ ಫಿಲೀಸ್‌ನವರು ಅವರನ್ನ ಸಿಯಾಟಲ್‌ಗೆ ದಾಟಿಸಿಬಿಟ್ರು, ಅಲ್ಲಿಂದ 2010ರ ಜುಲೈನಲ್ಲಿ ಟೆಕ್ಸಸ್. ಒಂದು ವರ್ಷದೊಳಗೆ ಗಂಡ ಹೆಂಡತಿ ಮಕ್ಕಳು ಗಂಟುಮೂಟೆ ಕಟ್ಟಿದ್ದು ಎಷ್ಟು ಸಲ ಅಂತ ನೀವೇ ಲೆಕ್ಕ ಹಾಕಿ. ಆ ಅಕ್ಟೋಬರ್‌ನಲ್ಲಿ ಟೆಕ್ಸಸ್ ಪರವಾಗಿ ಮತ್ತೆ ಅದೇ ಯಾಂಕೀ ಸ್ಟೇಡಿಯಂ, ಲೀ 8 ಇನಿಂಗ್ಸ್‌ನಲ್ಲಿ 13 ಸ್ಟ್ರೈಕ್‌ಔಟ್ ಮಾಡ್ತಾರೆ (ಬಾಲ್ ಎಸೆದೇ ಬ್ಯಾಟರ್‌ನ ಔಟ್ ಮಾಡೋದು), ಆ ಸರಣಿಯಲ್ಲಿ ಅವರ ಹೆಂಡತಿ ಕೂತಿದ್ದ ಕಡೆ ಕೆಲವು ಯಾಂಕೀಸ್ ಅಭಿಮಾನಿಗಳು ಉಗುಳಿದ್ರು, ಬಿಯರ್ ಎರಚಿದ್ರು ಅಂತ ಪೇಪರಲ್ಲಿ ಬಂತು. ಅದರಿಂದಲೇ ಯಾಂಕೀಸ್ ಬೇಡ ಅಂದ್ರು ಅಂತ ಹೇಳೋಕಾಗಲ್ಲ. ಆದ್ರೆ ಮನೆಯವರನ್ನ ಹಾಗೆ ನಡೆಸಿಕೊಂಡ ಜಾಗಕ್ಕೆ ಏಳು ವರ್ಷ ಹೋಗಿ ಇರಿ ಅಂದ್ರೆ, ನಿಮ್ಮಲ್ಲಿ ಎಷ್ಟು ಜನ ಎರಡನೇ ಸಲ ಯೋಚನೆ ಮಾಡದೆ ಹೂಂ ಅಂತೀರ? ಫಿಲಡೆಲ್ಫಿಯಾ ತನಗೂ ಮನೆಯವರಿಗೂ ಹಿಡಿಸಿತ್ತು, ಅಲ್ಲಿಂದ ಹೋಗೋ ಮನಸ್ಸೇ ಇರಲಿಲ್ಲ ಅಂತ ಲೀ ಆಮೇಲೆ ಹೇಳಿದ್ರು. ಅದೂ ಅಲ್ದೆ ಅಲ್ಲಿ ರಾಯ್ ಹ್ಯಾಲಡೇ, ಕೋಲ್ ಹ್ಯಾಮೆಲ್ಸ್, ರಾಯ್ ಓಸ್ವಾಲ್ಟ್ ಅನ್ನೋ ದೊಡ್ಡ ಪಿಚ್ಚರ್‌ಗಳು ಮೂವರೂ ಇದ್ರು, ಇನ್ನೊಂದು ಲೆಕ್ಕ ನೋಡಿದ್ರೆ ವರ್ಷಕ್ಕೆ 24 ಮಿಲಿಯನ್ ಅಂದ್ರೆ ಯಾಂಕೀಸ್ ಆಫರ್‌ಗಿಂತ ವರ್ಷದ ಸಂಬಳ ಜಾಸ್ತಿನೇ. ಅವರು ಬಿಟ್ಟಿದ್ದು ಕೊನೆಯ ವರ್ಷಗಳನ್ನ.

2011ರಲ್ಲಿ ಆ ಟೀಮ್ 102 ಮ್ಯಾಚ್ ಗೆದ್ದು ಪ್ಲೇಆಫ್‌ನ ಮೊದಲ ಸರಣಿಯಲ್ಲೇ ಸೇಂಟ್ ಲೂಯಿಸ್‌ಗೆ ಸೋತೋಯ್ತು, ಎರಡನೇ ಮ್ಯಾಚಲ್ಲಿ ಲೀ 4-0 ಮುಂದಿದ್ದು ಕೈ ಬಿಟ್ರು. 2012ರ ಏಪ್ರಿಲ್ 18ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 10 ಇನಿಂಗ್ಸ್ ಎಸೆದು ಒಂದೂ ರನ್ ಕೊಡಲಿಲ್ಲ, ಫಿಲೀಸ್ ಬ್ಯಾಟರ್‌ಗಳೂ ಒಂದು ರನ್ ಹೊಡೀಲಿಲ್ಲ, ಹನ್ನೊಂದನೇ ಇನಿಂಗ್ಸ್‌ನಲ್ಲಿ 1-0 ಸೋಲು. 2014ರಲ್ಲಿ ಮೊಣಕೈ ಹೋಯ್ತು, ಆಮೇಲೆ ಮೇಜರ್ ಲೀಗ್ ಮ್ಯಾಚ್ ಆಡಲೇ ಇಲ್ಲ, ವರ್ಲ್ಡ್ ಸೀರೀಸ್ ಗೆದ್ದವರಿಗೆ ಕೊಡೋ ಉಂಗುರ ಕೊನೆಗೂ ಸಿಗಲಿಲ್ಲ. ಇದನ್ನ ತೋರಿಸಿ ನೋಡಿ ತಪ್ಪು ಮಾಡಿದ್ರು ಅನ್ನೋರಿದ್ದಾರೆ, ನಾನು ಒಪ್ಪಲ್ಲ, ಆ ಹತ್ತು ಇನಿಂಗ್ಸ್‌ನ ಒಂದು ಸಲ ಕೂತು ನೋಡಿ, ಬೇಡದ ಜಾಗಕ್ಕೆ ಬಂದು ಸಿಕ್ಕಿಹಾಕ್ಕೊಂಡಿರೋ ಮನುಷ್ಯ ಹಾಗೆ ಎಸೆಯಲ್ಲ.

ಬಾಲ್ ಹಿಂದಿನ ಸಾಲಿಗೆ ತಲುಪ್ತಾ? ಸರಿ, ಅಲ್ಲಿಂದಲೇ ಪ್ರಶ್ನೆ ಶುರು ಮಾಡಿ.