ಬಯಾಪ್ಸಿ ರಿಪೋರ್ಟಿನ ಎರಡನೆಯ ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಹಸಿವಿಲ್ಲ, ತೂಕ ಇಳಿಯುತ್ತಿದೆ ಅಂತ ಮಂಡ್ಯ ಕಡೆಯ ರೈತರೊಬ್ಬರು ಎಂಡೋಸ್ಕೋಪಿ ಮಾಡಿಸಿದರು ಅಂದುಕೊಳ್ಳಿ. ಜಠರದಿಂದ ತೆಗೆದ ಅಕ್ಕಿಕಾಳಿನಷ್ಟು ಚೂರು, ಅಂದರೆ ಬಯಾಪ್ಸಿ, ಕೆಡದಂತೆ ಕಾಯುವ ಫಾರ್ಮಲಿನ್ ದ್ರವದಲ್ಲಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಮೇಣದಲ್ಲಿ ಕೂರಿಸಿ, 4 ಮೈಕ್ರಾನ್‌ನಷ್ಟು ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡುತ್ತಾರೆ. ರಿಪೋರ್ಟಿನ ಮೊದಲ ಸಾಲಿನಲ್ಲಿ ಕ್ಯಾನ್ಸರ್. ಮನೆಯವರ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಸಹಜ. ಆದರೆ ಅಪರೂಪಕ್ಕೆ ಕೆಳಗೆ ಇನ್ನೊಂದು ಸಾಲಿರುತ್ತದೆ: ಗ್ರಂಥಿಗಳೊಳಗೆ ಸ್ಟ್ರಾಂಜಿಲಾಯ್ಡಿಸ್ ಹುಳುವಿನ ಮರಿಗಳು.

ಕ್ಯಾನ್ಸರ್ ತಂದದ್ದು ಈ ಹುಳು ಅಂತ ಅದರ ಅರ್ಥವಲ್ಲ. ಮಲ ಸೇರಿದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದಾಗ ಮರಿಗಳು ಚರ್ಮ ಕೊರೆದು ಒಳಸೇರುತ್ತವೆ. ಎರಡು ಮಿಲಿಮೀಟರಿನ ಹೆಣ್ಣುಹುಳು ಸಣ್ಣಕರುಳಿನ ಒಳಪದರದಲ್ಲಿ ನೆಲೆಸುತ್ತದೆ. ಕೊಕ್ಕೆಹುಳುವಿನ ಮೊಟ್ಟೆ ಹೊರಗೆ ಬಿದ್ದು ಮಣ್ಣಿನಲ್ಲೇ ಮರಿಯಾಗಬೇಕು. ಆದರೆ ಸ್ಟ್ರಾಂಜಿಲಾಯ್ಡಿಸ್‌ನ ಮರಿಗಳಲ್ಲಿ ಕೆಲವು ಕರುಳಲ್ಲೇ ಬಲಿತು ಮತ್ತೆ ದೇಹದೊಳಕ್ಕೇ ನುಗ್ಗುತ್ತವೆ. ಹೀಗಾಗಿ ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಇದ್ದುಬಿಡಬಹುದು. ಅಷ್ಟು ಕಾಲ ಅದನ್ನು ಹದ್ದುಬಸ್ತಿನಲ್ಲಿಟ್ಟದ್ದು ನಮ್ಮ ರೋಗನಿರೋಧಕ ಶಕ್ತಿ.

ಕೀಮೋ ಜೊತೆ ವಾಂತಿ ತಡೆಯಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದುಂಟು. ಅಪಾಯ ಇಲ್ಲಿದೆ. ಸ್ಟೀರಾಯ್ಡ್ ಬಿದ್ದರೆ ರೋಗನಿರೋಧಕ ಶಕ್ತಿ ಕುಗ್ಗಿ ಹುಳು ವಿಪರೀತ ಹೆಚ್ಚಬಹುದು. ಮರಿಗಳು ಕರುಳಿನ ಬ್ಯಾಕ್ಟೀರಿಯಾವನ್ನು ಹೊತ್ತು ಶ್ವಾಸಕೋಶಕ್ಕೆ, ಮಿದುಳಿಗೆ ಹೋಗುತ್ತವೆ. ರಕ್ತ ನಂಜಾಗುತ್ತದೆ. ಕ್ಯಾನ್ಸರಿಗಿಂತ ಮೊದಲು ಇದೇ ಜೀವ ತೆಗೆಯಬಹುದು.

ಒಂದು ಸಲ ಮಲ ಪರೀಕ್ಷೆ ಮಾಡಿಸಿ 'ಏನೂ ಇಲ್ಲ' ಅಂದರೆ ನಂಬಬೇಡಿ. ಮರಿಗಳು ದಿನವೂ ಬೀಳುವುದಿಲ್ಲ, ಬಿದ್ದರೂ ಕೆಲವೇ. ಬೇರೆಬೇರೆ ದಿನದ ಮೂರು ಮಾದರಿಯಾದರೂ ಬೇಕು. ಮಲವನ್ನು ಕಲ್ಚರಿಗೆ, ಅಂದರೆ ಮರಿಗಳನ್ನು ಬೆಳೆಸಿ ನೋಡುವ ಪರೀಕ್ಷೆಗೆ ಕೊಡುವುದಾದರೆ ತಾಜಾ ಕೊಡಿ, ಫ್ರಿಜ್ಜಿನಲ್ಲಿಡಬೇಡಿ. ರಕ್ತದಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ ಏರಿದ್ದರೆ ಅದೊಂದು ಸುಳಿವು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದವರಲ್ಲಿ ಅದೂ ಕಾಣದೆ ಹೋಗಬಹುದು.

ಮದ್ದು ಐವರ್‌ಮೆಕ್ಟಿನ್: ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ, ಅಂದರೆ 60 ಕಿಲೋ ಇರುವವರಿಗೆ 12 ಮಿಲಿಗ್ರಾಂ, ಸಾಮಾನ್ಯವಾಗಿ ಒಂದೆರಡು ದಿನ. ಎರಡು ವಾರ ಬಿಟ್ಟು ಮತ್ತೆ ಕೊಡುವುದೂ ಉಂಟು. ಎಷ್ಟು, ಯಾವಾಗ ಅನ್ನುವುದನ್ನು ವೈದ್ಯರೇ ಹೇಳಬೇಕು, ಅಂಗಡಿಯಿಂದ ತಂದು ನುಂಗಬೇಡಿ. ಜಂತುಹುಳುವಿಗೆ ಅಂತ ಶಾಲೆಯಲ್ಲಿ ಕೊಡುವ ಒಂದೇ ಅಲ್ಬೆಂಡಜೋಲ್ ಮಾತ್ರೆ ಈ ಹುಳುವಿಗೆ ಸಾಲದು.

ಮಂಡ್ಯದಲ್ಲಿ ಬಯಾಪ್ಸಿ ಆಗಿ, ಕೀಮೋಗೆ ಮೈಸೂರಿಗೆ ಹೋಗುವವರೂ ಇರುತ್ತಾರೆ. ರಿಪೋರ್ಟಿನ ಎಲ್ಲ ಪುಟಗಳನ್ನೂ ಜೊತೆಗಿಟ್ಟುಕೊಳ್ಳಿ. ಮೊದಲ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಮುಂಚೆ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿ: 'ಡಾಕ್ಟ್ರೇ, ಈ ಹುಳಕ್ಕೆ ಔಷಧಿ ಆಗಿದೆಯಾ?'