ಗುಡುಗು ಕಿವಿಗೆ ಬಿತ್ತೇ? ಒಳಗೆ ನಡೆಯಿರಿ

ಕೇಳುಗರೇ, ನಮಸ್ಕಾರ.

ಗುಡುಗು ಸಿಡಿಲಿನ ಜೋರು ಮಳೆ ಬರಲಿದೆ ಅಂತ ಫೋನಿಗೆ ಎಚ್ಚರಿಕೆ ಬಂತು ಅನ್ನಿ. ನಾವು ಮೊದಲು ಮಾಡುವುದೇನು? ಹೊರಗೆ ಬಂದು ಆಕಾಶ ನೋಡುತ್ತೇವೆ. ತಲೆಯ ಮೇಲೆ ಮೋಡ ಕಾಣದಿದ್ದರೆ, ಮಳೆ ಬಂದಾಗ ನೋಡಿಕೊಳ್ಳೋಣ ಅಂತ ಸುಮ್ಮನಾಗುತ್ತೇವೆ.

ಸಿಡಿಲು ಮಳೆಗಾಗಿ ಕಾಯುವುದಿಲ್ಲ. ಮಳೆ ಸುರಿಯುತ್ತಿರುವ ಜಾಗದಿಂದ 15 ಕಿಲೋಮೀಟರ್ ಆಚೆಗೂ ಅದು ಬಡಿಯಬಲ್ಲದು. ಗುಡುಗಿನ ಸದ್ದು ಕೇಳಿಸುವುದೂ ಹೆಚ್ಚುಕಡಿಮೆ ಅಷ್ಟು ದೂರವೇ. ಅಂದರೆ ಗುಡುಗು ಕೇಳಿಸಿದಾಗಲೇ ಸಿಡಿಲು ನಿಮ್ಮನ್ನು ಮುಟ್ಟಬಹುದು ಅಂತ ತಿಳಿಯಿರಿ. ಮಿಂಚು ಕಂಡಮೇಲೆ ಗುಡುಗು ಬರುವ ತನಕ ಎಣಿಸುವುದು ಕೆಲವರಿಗೆ ಖುಷಿ. 3 ಸೆಕೆಂಡಿಗೆ ಒಂದು ಕಿಲೋಮೀಟರ್, ಲೆಕ್ಕ ಸರಿಯಾಗಿಯೇ ಇದೆ. ಆದರೆ ಒಳಗೆ ನಿಂತು ಎಣಿಸಿ, ಅಷ್ಟೇ.

ಒಳಗೆ ಅಂದರೆ ಗಟ್ಟಿಯಾದ ಕಟ್ಟಡ. ಅದು ಸಿಗದಿದ್ದರೆ ಗಾಜು ಏರಿಸಿದ ಕಾರು ಅಥವಾ ಬಸ್ಸು. ರಬ್ಬರ್ ಟೈರಿನಿಂದಾಗಿ ಕಾರು ಸುರಕ್ಷಿತ ಅನ್ನುವವರು ಜಾಸ್ತಿ. ಅಲ್ಲ ಸ್ವಾಮಿ, ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿಕೊಂಡು ಬಂದ ಸಿಡಿಲಿಗೆ ನಾಲ್ಕು ಬೆರಳು ರಬ್ಬರ್ ಯಾವ ಲೆಕ್ಕ? ಕಾರಿನ ಲೋಹದ ಮೈ ಆ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ದಾಟಿಸುತ್ತದೆ. ಬೈಕಿಗೆ ಆ ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ಇನ್ನು ಮರದಡಿ ನಿಲ್ಲುವುದಂತೂ ಬೇಡವೇ ಬೇಡ. ಮರಕ್ಕೆ ಬಡಿದ ಸಿಡಿಲು ಪಕ್ಕದವರ ಮೇಲೆ ಹಾರುತ್ತದೆ, ನೆಲದಲ್ಲೂ ಹರಡುತ್ತದೆ. ಒಂದೇ ಮರದ ಕೆಳಗಿದ್ದ ದನಗಳು ಒಟ್ಟಿಗೆ ಸಾಯುವುದು ಹೀಗೆ.

ಟಿವಿ, ಫ್ರಿಜ್ಜಿನ ಪ್ಲಗ್ಗನ್ನು ಎಚ್ಚರಿಕೆ ಬಂದ ಕೂಡಲೇ ಕೀಳಿ; ಗುಡುಗು ಶುರುವಾದಮೇಲೆ ಮುಟ್ಟಬೇಡಿ. ಸ್ನಾನ, ಪಾತ್ರೆ ತೊಳೆಯುವುದು ಆಮೇಲಾಗಲಿ, ಕೊಳವೆಯ ನೀರಿನಲ್ಲೂ ವಿದ್ಯುತ್ ಬರಬಹುದು. ಚಾರ್ಜಿಗೆ ಹಾಕದ ಮೊಬೈಲ್ ಬಳಸಲು ಭಯವಿಲ್ಲ. ಗಾಳಿಗೆ ಹಾರುವ ತಗಡು, ಕುರ್ಚಿಗಳನ್ನು ಮೊದಲೇ ಕಟ್ಟಿಡಿ. ಆಲಿಕಲ್ಲು ಬಿದ್ದರೆ ಕಿಟಕಿಯಿಂದ ದೂರವಿರಿ.

ಮಳೆ ನಿಂತಿತು ಅಂತ ತಕ್ಷಣ ಹೊರಡಬೇಡಿ. ಕೊನೆಯ ಗುಡುಗು ಕೇಳಿಸಿ 30 ನಿಮಿಷ ಕಳೆಯಲಿ. ನಡುವೆ ಮತ್ತೊಂದು ಗುಡುಗಿತೇ? ಮತ್ತೆ ಮೊದಲಿನಿಂದ ಎಣಿಸಿ. ಬಿದ್ದ ಕರೆಂಟ್ ತಂತಿಯ ಹತ್ತಿರ ಸುಳಿಯಬೇಡಿ.

ಯಾರಿಗಾದರೂ ಸಿಡಿಲು ಬಡಿದರೆ ಅವರನ್ನು ಮುಟ್ಟಲು ಹೆದರಬೇಡಿ, ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿಸಿ. ಉಸಿರಾಟ ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಿ. ನೆರವು ಬರುವ ತನಕ ನಿಲ್ಲಿಸಬೇಡಿ.

ನಮಸ್ಕಾರ.